ಮುಗಿದ ಆಟಕ್ಕೆ ನಾನು ಕೊಟ್ಟ ಸಮಯ

ಆ ಫೈನಲ್ ಪಂದ್ಯವನ್ನು ನಮ್ಮ ಕಾಲೇಜು ಗೆಲ್ಲಲಿಲ್ಲ — ನಾನು ಗೆಲ್ಲಿಸಿದೆ. ಆಟದ ಸಮಯ ಮುಗಿದಿತ್ತು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು, ಸೀಟಿ ಬಾಯಲ್ಲಿತ್ತು. ಊದಲಿಲ್ಲ.

ಅದಾಗಿ ಇಪ್ಪತ್ತೆರಡು ವರ್ಷಗಳಾದವು. ಗದಗಿನ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಮುಂದಿನ ತಿಂಗಳು ನಿವೃತ್ತಿ. ಹೋಗುವ ಮುನ್ನ ಕಾಲೇಜಿನ ಕ್ರೀಡಾ ಇತಿಹಾಸ ಬರೆದುಕೊಡಿ ಎಂದು ಪ್ರಾಚಾರ್ಯರು ಕೇಳಿದ್ದಾರೆ. ಬಾಸ್ಕೆಟ್‌ಬಾಲ್ ಪುಟ ಆ ಗೆಲುವಿನಿಂದಲೇ ಶುರುವಾಗಬೇಕು. ಸಿಮೆಂಟಿನ ಅಂಕಣ, ವಿಶ್ವವಿದ್ಯಾಲಯದ ತಂಡಕ್ಕೆ ಹೋದ ನಮ್ಮ ಹುಡುಗಿಯರು — ಎಲ್ಲ ಅದರ ನಂತರದ್ದು. ಮೂರು ಸಲ ಬರೆಯಲು ಕೂತು ಎದ್ದೆ. ಸಾಕಾಗಿದೆ. ಆ ಪುಟಕ್ಕೆ ಇದನ್ನೇ ಕೊಡುತ್ತೇನೆ.

ಅಂದು ಎದುರಾಳಿ ಮುಂಡರಗಿ ಕಾಲೇಜಿನ ಹುಡುಗಿಯರ ತಂಡ. ನಾಯಕಿ ಹಿರೇವಡ್ಡಟ್ಟಿಯ ಗಿರಿಜಾ, ಬೇಸಿಗೆ ಶಿಬಿರದಲ್ಲಿ ನಾನೇ ಚೆಂಡು ಹಿಡಿಯಲು ಕಲಿಸಿದ ಹುಡುಗಿ. ಈ ಸಲ ಕಪ್ ಬರದಿದ್ದರೆ ತಂಡವನ್ನೇ ನಿಲ್ಲಿಸುತ್ತಾರೆ ಎಂದು ಬೆಳಿಗ್ಗೆ ಅವಳೇ ನನ್ನೆದುರು ಹೇಳಿಕೊಂಡಿದ್ದಳು. ನಮ್ಮ ತಂಡದ ಗತಿಯೂ ಅದೇ ಆಗಿತ್ತು — ನಾನು ಹೇಳಲಿಲ್ಲ. ಸಮಯ ನೋಡಬೇಕಾದವರು ಬಂದಿರಲಿಲ್ಲ. ನಾನು ಕೂರಲೇ ಎಂದಾಗ ಗಿರಿಜಾ ಅಂದಳು, “ಸರ್ ಕುಂತ್ರ ನಮ್ದೇನೂ ತಕರಾರಿಲ್ರಿ.”

ಕೊನೆಯಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಮುಳ್ಳು ಕೊನೆಯ ಗೆರೆ ಮುಟ್ಟಿತು, ದಾಟಿತು. ಅವರ ತಂಡದ ಶಾಂತಾ ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದಳು. ಆಟ ಮುಗಿಯಿತೆಂದು ಕೈ ಇಳಿಸಿ ನಿಂತಳು. ನಮ್ಮ ಹುಡುಗಿ ಅವಳ ಪಕ್ಕದಿಂದಲೇ ನುಗ್ಗಿ ಚೆಂಡು ಹಾಕಿದಳು. ಆಮೇಲೆ — ಆಮೇಲೆ ಊದಿದೆ.

ಗಿರಿಜಾ ಮೇಜಿನ ಹತ್ತಿರ ಬಂದಳು. “ಟೈಮ್ ಮುಗದಿತ್ತಲ್ರಿ, ಸರ್?”

“ಇಲ್ಲವ್ವಾ, ಇನ್ನೂ ಎರಡು ಸೆಕೆಂಡ್ ಉಳದಿತ್ತು.”

“ನೀವು ಅಂದ ಮ್ಯಾಲ ಆತು ಬಿಡ್ರಿ,” ಎಂದು ಅವಳು ಶಾಂತಾಳ ಕಡೆ ತಿರುಗಿದಳು. ಆಗಲಾದರೂ ನಾನು…

ಮುಂಡರಗಿಯ ತಂಡ ಆ ವರ್ಷವೇ ಮುಚ್ಚಿಹೋಯಿತು. ಗಿರಿಜಾ ಈಗ ಶಿರಹಟ್ಟಿಯಲ್ಲಿ ಶಾಲಾ ಶಿಕ್ಷಕಿ. ಚೆನ್ನಾಗಿ ಆಡುವ ಹುಡುಗಿಯರನ್ನು ಪ್ರತಿವರ್ಷ ನನ್ನ ಕೈಗೇ ಒಪ್ಪಿಸುತ್ತಾಳೆ. ಕಳೆದ ಭಾನುವಾರ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ.

“ಅವತ್ತ ಎಲ್ಲಾರ ಮುಂದ ಶಾಂತಾನ್ನ ಬೈದೆನ್ರಿ. ಆಮ್ಯಾಲ ಆಕಿನ್ನ ಮಾತಾಡ್ಸೇ ಇಲ್ಲ. ನನಗ ಹೇಳಿದ್ರ ಏನಾಗ್ತೈತಿ, ಸರ್? ಆಕಿಗೆ ಹೇಳ್ರಿ.”

ಆ ಹೆಸರನ್ನು ನಾನು ಮರೆತೇಬಿಟ್ಟಿದ್ದೆ. ಅದನ್ನೂ ಇಲ್ಲಿ ಬರೆಯಬೇಕು.

ಶಾಂತಾ ಲಕ್ಷ್ಮೇಶ್ವರದಲ್ಲಿ ಬಟ್ಟೆ ಹೊಲಿಯುತ್ತಾಳೆ. ನಾನು ಹೇಳಿ ಮುಗಿಸುವವರೆಗೆ ಮಷಿನ್ ನಿಲ್ಲಿಸಿ ಕೇಳಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ —

“ನಾ ಸರಿಯಾಗೇ ಎಣಿಸೀನಿ ಅಂತ ಎಲ್ಲಾರಿಗೂ ಹೇಳಿದೆ,” ಎಂದಳು. “ಯಾರೂ ನಂಬಲಿಲ್ಲ. ಕಡೀಕ ನಾನೂ ನಂಬೋದು ಬಿಟ್ಟೆ.”

ಆಮೇಲೆ ಕೇಳಿದಳು, “ನಾ ಹಂಗ ಹೇಳ್ಕೋತ ಅಳೋವಾಗ ನೀವು ಅಲ್ಲೇ ಇದ್ರಲ್ರಿ?”

ಇದ್ದೆ ಎಂದೆ.