ಅದು ಬರೇ ಬಾತುಕೋಳಿ

ಇದನ್ನು ಬರೆಯುವುದನ್ನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಕಣ್ಣು ಮಂಜಾಗಿದೆ ಎಂದೆ. ಕಣ್ಣಿಗೆ ಆಪರೇಷನ್ ಆದ ಮೇಲೆ ಕೈ ನಡುಗುತ್ತದೆ ಎಂದೆ. ಸುಳ್ಳು ಹೇಳುವಾಗ ಮಾತ್ರ ನನ್ನ ಯಾವ ಅಂಗವೂ ಎಂದೂ ಕೈಕೊಟ್ಟಿಲ್ಲ.

ಹೋದ ವಾರ ಮೊಮ್ಮಗಳ ಮಗಳು ಟೀವಿಯಲ್ಲಿ ಕಾರ್ಟೂನ್ ಸಿನಿಮಾ ನೋಡುತ್ತಿದ್ದಳು. ರಾಜಕುಮಾರಿ ಕಿಟಕಿ ತೆರೆದಳು, ಹಾಡಿದಳು. ಕಿಟಕಿ ಮುಚ್ಚಿದಳು, ಆಗಲೂ ಹಾಡಿದಳು. "ಮುತ್ಯಾ, ಹೆಂಗದ ಪಿಚ್ಚರ್?" ಎಂದು ಮಗು ಕೇಳಿತು. ನಾಲಿಗೆ ತುದಿಗೆ ಬಂದ ಕೊಂಕನ್ನು ನುಂಗಿಕೊಂಡೆ. ಅಂಥದೇ ಒಂದು ಮಾತನ್ನು ನುಂಗದೆ ಆಡಿಬಿಟ್ಟದ್ದು ಶಹಾಬಾದದಲ್ಲಿ, ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ.

ಆಗ ನಾನು ಚಿತ್ತಾಪುರದ ತಹಸೀಲ ಕಚೇರಿಯಲ್ಲಿ ಹೊಸ ಗುಮಾಸ್ತ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಗಣಿತ ಚರಿತ್ರೆ ಎಲ್ಲವೂ ಉರ್ದು. ಇಂಗ್ಲಿಷು ಮಾತ್ರ ಬಂದ ಕೂಡಲೇ ಹೊರಡಲು ಅವಸರಪಡುವ ನೆಂಟನಂತೆ ಬಂದು ಹೋಗಿತ್ತು. ಆದರೆ ಶೇರ್ವಾನಿ ತೊಟ್ಟು ಗೊಂಡೆಯ ಕೆಂಪು ರೂಮಿ ಟೊಪ್ಪಿಗೆ ಇಟ್ಟುಕೊಂಡು ಹೊರಟರೆ ನನ್ನ ಇಂಗ್ಲಿಷನ್ನು ಪರೀಕ್ಷಿಸುವವರು ನಮ್ಮ ಸೀಮೆಯಲ್ಲಿ ಯಾರಿದ್ದರು? ಜನ ಟೊಪ್ಪಿಗೆಯನ್ನೇ ನಂಬುತ್ತಿದ್ದರು. ನಾನೂ ನಂಬಿದ್ದೆ.

ಕಚೇರಿಯ ಕೆಲಸಕ್ಕೆ ಕೆಲವು ದಿನ ಶಹಾಬಾದದಲ್ಲಿ ಉಳಿದಿದ್ದಾಗ ಅಲ್ಲಿಗೆ ಒಂದು ಟೂರಿಂಗ್ ಟಾಕೀಸು ಬಂದಿತ್ತು. ಡೇರೆಯೊಳಗೆ ಮುಂದೆ ಬರಿ ನೆಲ, ಹಿಂದೆ ಚಪ್ಪಟೆ ಫರ್ಸಿ ಕಲ್ಲು ಜೋಡಿಸಿದ ಆಸನ. ಆ ಊರಿನಲ್ಲಿ ಕಲ್ಲಿಗೆ ಬಡತನವಿರಲಿಲ್ಲ. ಇಂಗ್ಲಿಷ್ ಚಿತ್ರ ಬಂದರೆ ತೆರೆಯ ಪಕ್ಕದಲ್ಲಿ ಒಬ್ಬರು ಬೆತ್ತ ಹಿಡಿದು ನಿಂತು ಕಥೆ ಹೇಳಬೇಕು. ಯಂತ್ರದವನು ಸದ್ದು ತಗ್ಗಿಸುತ್ತಾನೆ, ಇವರು ದನಿ ಏರಿಸುತ್ತಾರೆ. ಈ ಡೇರೆಯಲ್ಲಿ ಕಥೆ ಹೇಳುತ್ತಿದ್ದವರನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಹಿಂದೆ ಊರೂರಿಗೆ ಹೋಗಿ ದೊಡ್ಡಾಟ ಕಲಿಸಿದವರು. ಮೊಣಕಾಲು ಕೆಟ್ಟು ಕುಣಿತ ನಿಂತ ಮೇಲೆ ಅವರಿಗೆ ಉಳಿದದ್ದು ದನಿಯೊಂದೇ. ಆ ದನಿಗೆ ಈ ಡೇರೆ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಬಂದದ್ದು ಬಣ್ಣದ ಗೊಂಬೆ ಚಿತ್ರ, ಮಕ್ಕಳಿಗೆಂದು ಮಾಡಿದ್ದು. ದೈತ್ಯನೊಬ್ಬ ವಸಂತಕಾಲವನ್ನು ಕದ್ದು ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಅದನ್ನು ತರಲು ರಾಜಕುಮಾರಿ, ಒಂದು ಕರಡಿ, ಒಂದು ಕುಂಟ ಬಾತುಕೋಳಿ ಹೊರಡುತ್ತಾರೆ. ನದಿ ಅಡ್ಡ ಬಂದರೆ ಹಾಡು. ಬಾಗಿಲಿಗೆ ಬೀಗವಿದ್ದರೆ ಕೀಲಿ ಹುಡುಕುವುದಿಲ್ಲ, ಹಾಡು. ಕೊನೆಗೆ ಬೀಗವೂ ಹಾಡಿತು ಎಂದರೆ ನೀವು ನಂಬಲಿಕ್ಕಿಲ್ಲ. ಹಸಿವಾಗಿದೆ ಎಂದು ಮೂವರೂ ಹಾಡಿದ ಹೊತ್ತಿನಲ್ಲಿ ನಮ್ಮ ಅವ್ವ ಹತ್ತು ರೊಟ್ಟಿ ಬಡಿದಿರುತ್ತಿದ್ದಳು. ರಾಜಕುಮಾರಿಯ ಅರ್ಧ ಮುಖವೆಲ್ಲ ಕಣ್ಣು; ಮೂಗಿಗೆ ಜಾಗ ಸಾಲದೆ ಎರಡು ಚುಕ್ಕೆ ಇಟ್ಟು ಕೈತೊಳೆದುಕೊಂಡಿದ್ದರು. ಕೆಟ್ಟ ಚಿತ್ರ. ಈ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಆದರೆ ಮಾಸ್ತರ ಹೇಳುತ್ತಿದ್ದ ಚಿತ್ರವೇ ಬೇರೆ. ನಮ್ಮ ಕಡೆ ವಸಂತ ಕಳುವಾದರೆ ಅಳುವವರು ಯಾರು? ಅವರು ಮಳೆಯನ್ನೇ ಕಳವು ಮಾಡಿಸಿದರು. "ಕಾಗಿಣಾ ಹೊಳಿ ಬತ್ತ್ಯದ ನೋಡ್ರೋ! ಈ ಧಡಿಯ ಮಳೀನ ಪೆಟ್ಟಿಗ್ಯಾಗ ಹಾಕ್ಕೊಂಡು ಕುಂತಾನ. ದಂಡೋತಿ ಗೌಡನ ಮಗಳು ಹೊಂಟಾಳ, ದಾರಿ ಬಿಡ್ರಿ!" ಮಕ್ಕಳು ನಿಜವಾಗಿಯೂ ಸರಿದು ದಾರಿ ಬಿಟ್ಟರು. ರಾಜಕುಮಾರಿ ದಣಿದು ಮಲಗಿದಾಗ ಬಾತುಕೋಳಿ ಹಾಡತೊಡಗಿತು. ಮಾಸ್ತರ ದನಿ ತಗ್ಗಿಸಿದರು. "ಇದು ಬಾತುಕೋಳಿ ಅಲ್ಲವ್ವಾ. ಹಡೆದಾಕಿ. ಸತ್ತ ಮ್ಯಾಲೂ ಮಗಳ ಬೆನ್ನು ಬಿಡಲಾರದ ಈ ರೂಪದಾಗ ಬಂದಾಳ." ಹೀಗೆ ಹೇಳಿ, ಬೀಸುವಾಗ ಹಾಡುವ ಧಾಟಿಯಲ್ಲಿ ತಾವೇ ಹಾಡಿದರು. ಗಣಿಯಲ್ಲಿ ಕಲ್ಲು ಹೊರುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಕೈಯೂ ಕಣ್ಣಿನತ್ತ ಹೋಗಿತ್ತು. ಪಕ್ಕದಲ್ಲಿ ಕಚೇರಿಯ ಗೆಳೆಯರಿದ್ದರು. ಅವರು ಕಂಡಾರೆಂಬ ನಾಚಿಕೆಗೆ ಎದ್ದು ನಿಂತೆ.

"ಏನ್ ಸುಳ್ಳು ಹೇಳ್ಲಿಕತ್ತೀರಿ ಮಾಸ್ತರ? ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಅದು ಬರೇ ಬಾತುಕೋಳಿ!"

"ಕುಂದುರ್ರಿ ಅಣ್ಣಾರ, ಕಾಣವಲ್ದು," ಎಂದಳು ಒಬ್ಬ ಹೆಂಗಸು.

ಮಾಸ್ತರ ಸಿಟ್ಟಾಗಲಿಲ್ಲ. "ಮತ್ತೇನಂತದ್ರಿ ಸಾಹೇಬ್ರ? ನೀವ ಹೇಳ್ರಿ, ಕೇಳ್ತೀವಿ."

ಆ ಹಾಡಿನ ಒಂದು ಪದವೂ ನನಗೆ ತಿಳಿದಿರಲಿಲ್ಲ. "ಹೊಟ್ಟಿ ಹಸದದ, ಮೀನ ಬೇಕು ಅಂತದ," ಎಂದೆ.

ಡೇರೆಗೆ ಡೇರೆಯೇ ನಕ್ಕಿತು. ಕಣ್ಣೊರೆಸಿಕೊಂಡವರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಟ ಮುಗಿದ ಮೇಲೆ ಟಾಕೀಸಿನ ಮಾಲಕ ನನ್ನ ಬಳಿ ಬಂದು, "ಅಂಗ್ರೇಜಿ ಪಕ್ಕಾ ಅದ ಬಾಬು ನಿಮ್ದು. ನಾಳಿಂದ ಸಂಜಿಗಿ ನೀವ ನಿಂದುರ್ರಿ," ಎಂದ. ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಮಾಸ್ತರ ತಾವಾಗಿ ಬೆತ್ತವನ್ನು ನನ್ನ ಕೈಗೆ ಕೊಟ್ಟರು. "ಪೋರಗೋಳು ಅಳೋ ಜಾಗ ಎರಡು ಅದಾವ್ರಿ. ಅಲ್ಲಿ ಸಾವಕಾಶ ಹೇಳ್ರಿ," ಎಂದರು.

ಮರುಸಂಜೆ ನಾನು ನಿಂತೆ. "ಈಗ ನದಿ ದಾಟುತ್ತಾರೆ," ಎಂದೆ. ದಾಟುವುದು ಎಲ್ಲರಿಗೂ ಕಾಣುತ್ತಿತ್ತು. "ಈಗ ಹಾಡುತ್ತಾರೆ," ಎಂದೆ. ಅದು ಕಿವುಡರಿಗೂ ಗೊತ್ತಿತ್ತು. ಬಾತುಕೋಳಿಯ ಸರದಿ ಬಂದಾಗ ಹಿಂದಿನ ದಿನದ ಮೀನನ್ನೇ ಮತ್ತೆ ತಂದೆ. ಆಗ ಕತ್ತಲೊಳಗಿಂದ ಒಂದು ಹೆಣ್ಣು ದನಿ: "ನಿನ್ನಿ ಅವ್ವ ಇದ್ಳು. ಇವತ್ತ ಯಾಕ ಮೀನ ಬೇಡ್ತಾಳ?" ಯಾರೂ ನಗಲಿಲ್ಲ. "ಮಾಸ್ತರನ ಕರೀರಿ," ಎಂದು ಮಕ್ಕಳು ಕೂಗಿದವು. ನಾಲ್ಕನೆಯ ದಿನ ಮಾಲಕ ಬೆತ್ತ ಕಿತ್ತುಕೊಂಡ. ಇನ್ನು ಬಡಿದಾಟದ ಚಿತ್ರಗಳೇ ಸಾಕು, ಅವಕ್ಕೆ ಹೇಳುವವರು ಬೇಡ ಎಂದು ಡೇರೆ ಕಿತ್ತು ಸೇಡಂ ಕಡೆ ಹೋದ. ಹೀಗೆ ನಾನು ಒಬ್ಬರ ಕೆಲಸ ಕಸಿದು, ಆ ಕೆಲಸವನ್ನೇ ಇಲ್ಲವಾಗಿಸಿದೆ.

ತಿಂಗಳೆರಡು ಕಳೆದ ಮೇಲೆ ವಾಡಿ ಸ್ಟೇಶನ್ನಿನಲ್ಲಿ ಅವರು ಸಿಕ್ಕರು. ಪಕ್ಕದಲ್ಲಿ ಒಂದು ಗಂಟು. ನನ್ನನ್ನು ಕಂಡು ಸರಿದು ಜಾಗ ಮಾಡಿದರು.

"ಕುಂದುರ್ರಿ ಸಾಹೇಬ್ರ. ಅಳತಾವೇನ್ರಿ ಪೋರಗೋಳು, ಆ ಎರಡು ಜಾಗದಾಗ?"

ಡೇರೆ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ತಪ್ಪಾಯಿತು ಎನ್ನಲು ದೇವರು ಕೊಟ್ಟ ಗಳಿಗೆ ಅದು. ನಾನು ಟೊಪ್ಪಿಗೆ ಸರಿಮಾಡಿಕೊಂಡೆ.

"ಅಳ್ತಾವ," ಎಂದೆ.

ಅವರ ಮುಖ ಅರಳಿತು. "ಚೊಲೋ ಆಯ್ತು ಬಿಡ್ರಿ. ನನಗ ಅದೇ ಒಂದು ಚಿಂತಿ ಇತ್ತು."

ಗಾಡಿ ಬಂತು, ಹತ್ತಿದೆ. ಮುಂದೆ ರಾಜ್ಯವೇ ಗದ್ದಲದಲ್ಲಿ ಮುಳುಗಿತು, ಊರುಗಳು ಚದುರಿದವು. ಎಷ್ಟೋ ವರ್ಷಗಳ ಮೇಲೆ ಅವರನ್ನು ಕೇಳಿಕೊಂಡು ಅವರ ಊರಿನವರೆಗೆ ಹೋದೆ. ಬಸ್ಸಿನಿಂದ ಇಳಿಯದೆ ಮರಳಿದೆ.

ಮಗು ಇನ್ನೂ ಉತ್ತರಕ್ಕೆ ಕಾಯುತ್ತಿತ್ತು. "ನನಗ ಗೊತ್ತಿಲ್ಲವ್ವಾ," ಎಂದೆ. ಆ ಮಾತನ್ನು ಆಡಿ ಅಭ್ಯಾಸವಿರಲಿಲ್ಲ. ಆಡಿದ ಮೇಲೆ ಎದ್ದು ಬಂದು ಬರೆಯಲು ಕುಳಿತೆ. ಇಷ್ಟು ಬರೆದರೂ ಇಲ್ಲಿಯತನಕ ಅವರನ್ನು ಮಾಸ್ತರ ಎಂದೇ ಕರೆದಿದ್ದೇನೆ, ಹೆಸರು ಬರೆದರೆ ಅವರು ಎದುರಿಗೆ ಬಂದು ಕುಳಿತಾರೆಂದು. ಕುಳಿತುಕೊಳ್ಳಲಿ. ಅವರು ತೆಂಗಳಿಯ ಸಾಯಬಣ್ಣ.