ನಿಂತಲ್ಲೇ ಓಡುವ ಗಾಡಿ

ಅವನನ್ನು ಮನೆಯಲ್ಲೂ ಕಾರ್ಖಾನೆಯಲ್ಲೂ ಎಲ್ಲರೂ ಕರೆಯುವುದು ಕೈಪಿಡಿ ಎಂದೇ. ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅವನಿಗೆ ಒಂದೇ ಕೆಲಸ: ಪಂಪಿನ ಡಬ್ಬದೊಳಗೆ ಇಡುವ ಪುಟ್ಟ ಪುಸ್ತಕ ಬರೆಯುವುದು. ಅದರ ಕೊನೆಯ ಪುಟದಲ್ಲಿ ಮೂರು ಕಾಲಮ್ಮಿನ ಪಟ್ಟಿ. ತೊಂದರೆ, ಕಾರಣ, ಪರಿಹಾರ. ಪಂಪು ಓಡುತ್ತಿಲ್ಲ, ಕರೆಂಟು ಇಲ್ಲ, ಬರುವವರೆಗೆ ಕಾಯಿರಿ. ಇಂಥ ಸಾಲುಗಳನ್ನು ಅವನು ಸಾವಿರಗಟ್ಟಲೆ ಬರೆದಿದ್ದಾನೆ. ಅದನ್ನು ಓದಿ ಯಾರಾದರೂ ಪಂಪು ರಿಪೇರಿ ಮಾಡಿಕೊಂಡ ಸುದ್ದಿ ಈವರೆಗೆ ಬಂದಿಲ್ಲ. ಅವನೇ ಒಂದು ಪಂಪು ಬಿಚ್ಚಿದ ಸುದ್ದಿಯಂತೂ ಇಲ್ಲವೇ ಇಲ್ಲ. ಇದನ್ನು ಬೇರೆಯವರು ಆಡುವ ಮೊದಲು ಅವನೇ ಆಡಿಬಿಡುತ್ತಾನೆ. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ನಾನು ಬದನೆಕಾಯಿ ಹೆಚ್ಚೋಕೂ ಹೆದರೋ ಪೈಕಿ" ಎಂದು ನಗುತ್ತಾನೆ. ತನ್ನನ್ನು ತಾನೇ ಮೊದಲು ಹಾಸ್ಯ ಮಾಡಿಕೊಂಡವನ ಬಳಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂಬುದು ಅವನು ಕಂಡುಕೊಂಡಿದ್ದ ಸುಖ.

ಇಂಥವನ ಪಾಲಿಗೆ ಅಣ್ಣನ ಮೋಟಾರ್ ಸೈಕಲ್ಲು ಬಂತು. ಬಂತು ಎನ್ನುವುದೂ ತಪ್ಪು, ಬರಬಹುದು ಎಂಬ ಸ್ಥಿತಿಗೆ ಬಂತು. ಗಾಡಿಗೆ ವಯಸ್ಸು ಅವನಿಗಿಂತ ನಾಲ್ಕೇ ವರ್ಷ ಕಡಿಮೆ. ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅದು ಅಣ್ಣನ ಮನೆಯ ಪಕ್ಕದ ಶೆಡ್ಡಿನಲ್ಲಿ ಹಳೇ ಬೆಡ್‌ಶೀಟು ಹೊದ್ದು ನಿಂತಿತ್ತು. ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಾರೆ. ಕಲಿಯುವವರು ಹೆಚ್ಚಾಗಿ, ಇನ್ನೂ ನಾಲ್ಕು ಮಿಷನ್ನು ಇಡಲು ಅವರಿಗೆ ಆ ಶೆಡ್ಡು ಬೇಕಾಯಿತು.

"ನೋಡಪ್ಪ," ಎಂದರು ಅತ್ತಿಗೆ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು. "ಇನ್ನು ಮೂರು ವಾರಕ್ಕೆ, ಭಾನುವಾರ, ಗುಜರಿಯವನು ಬರ್ತಾನೆ. ಅಷ್ಟರೊಳಗೆ ನೀನು ಅದನ್ನ ಓಡಿಸ್ಕೊಂಡು ನಿನ್ನ ಮನೆಗೆ ಹೋದ್ರೆ ಅದು ನಿಂದು. ತಳ್ಕೊಂಡು ಹೋಗೋದಲ್ಲ, ಟೆಂಪೋದಲ್ಲಿ ಹಾಕೋದೂ ಅಲ್ಲ. ಇಲ್ಲಿ ಹೊದ್ಕೊಂಡು ನಿಂತಿರೋದನ್ನ ಅಲ್ಲಿ ನಿಲ್ಲಿಸೋಕೆ ಅಂತ ನಾನು ಕೊಡಲ್ಲ."

"ಮೂರು ವಾರ ಯಾಕೆ ಅತ್ತಿಗೆ, ಒಂದು ವಾರ ಸಾಕು" ಎಂದ ಕೈಪಿಡಿ. ಹೇಳಿದ ಮರುಗಳಿಗೆಯೇ ಯಾಕಾದರೂ ಹೇಳಿದೆನೋ ಅನ್ನಿಸಿತು. ಆದರೆ ಆ ಗಾಡಿ ಗುಜರಿಯವನ ಸುತ್ತಿಗೆಗೆ ಸಿಕ್ಕಿ ಚೂರಾಗುವುದನ್ನು ನೆನೆದರೆ ಅವನಿಗೆ ಅಳುವೇ ಬರುತ್ತಿತ್ತು. ಅಣ್ಣನದು ಎಂದು ಉಳಿದದ್ದು ಅದೊಂದೇ.

ಮರುದಿನದಿಂದ ಬೆಳಗ್ಗೆ ಆರೂವರೆಗೆಲ್ಲ ಬಸ್ಸು ಹಿಡಿದು ಅತ್ತಿಗೆಯ ಮನೆಗೆ ಹಾಜರಾಗತೊಡಗಿದ. ಕಾರ್ಖಾನೆಗೆ ಹೋಗುವ ಮೊದಲು ಒಂದು ಗಂಟೆ ಗಾಡಿಯ ಸೇವೆ. ಬ್ಯಾಟರಿ ಚಾರ್ಜ್ ಮಾಡಿಸಿ ತಂದು, ಪೆಟ್ರೋಲ್ ಹಾಕಿ, ಹದಿನೇಳು ಸಲ ಕಿಕ್ ಹೊಡೆದ ಮೇಲೆ ಎಂಜಿನ್ನು ಎದ್ದಿತು. ಅವನಿಗೆ ಹಿಗ್ಗೋ ಹಿಗ್ಗು. ಸ್ಟ್ಯಾಂಡಿನ ಮೇಲೆ ನಿಂತಲ್ಲೇ ಓಡಲು ಬಿಟ್ಟು, ಹೆಡ್‌ಲೈಟು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಆಕ್ಸಿಲರೇಟರ್ ಮುಟ್ಟದೆ, ಅದರ ಪಾಡಿಗೆ ಅದು ಅರ್ಧ ಗಂಟೆ ಗುಡುಗುಡು ಅನ್ನುತ್ತಿರಬೇಕು, ಇದು ಅವನು ಇಟ್ಟ ಪರೀಕ್ಷೆ. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಇದಕ್ಕೆ ಸ್ಲೋ ನಿಲ್ಲುವುದು ಎನ್ನುತ್ತಾರೆ. ಹನ್ನೊಂದನೆಯ ನಿಮಿಷಕ್ಕೆ ಸದ್ದು ಕುಂಟಿತು, ಎರಡು ಸಲ ಕೆಮ್ಮಿತು, ನಿಂತೇಹೋಯಿತು.

ಕೈಪಿಡಿ ಸುಮ್ಮನಿದ್ದಾನೆಯೇ? ಮೂರು ಕಾಲಮ್ಮಿನ ಪಟ್ಟಿ ಗೀಚಿ ಶೆಡ್ಡಿನ ಗೋಡೆಗೆ ಅಂಟಿಸಿದ. ತೊಂದರೆ: ಸ್ಲೋ ನಿಲ್ಲುತ್ತಿಲ್ಲ. ಕಾರಣ: ಪ್ಲಗ್ಗು ಇರಬಹುದು. ಹೊಸ ಪ್ಲಗ್ಗು ಬಂತು, ಒಂಬತ್ತು ನಿಮಿಷ. ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲು ಹಾಯುವ ಜೆಟ್ಟಿನ ಸೂಜಿಗಣ್ಣಿಗೆ ಬಾಯಿಟ್ಟು ಊದಿ, ತುಟಿಯೆಲ್ಲ ಪೆಟ್ರೋಲು ಮಾಡಿಕೊಂಡ, ಆರು ನಿಮಿಷ. ಸ್ಲೋ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಕಾಲು ಸುತ್ತು ಹೊರಗೆ, ಮತ್ತೆ ಒಳಗೆ ತಿರುಗಿಸಿದ. ಕೊನೆಗೆ ಮೊದಲು ಎಲ್ಲಿತ್ತು ಎಂಬುದೇ ಮರೆತುಹೋಯಿತು. ನಾಲ್ಕನೆಯ ದಿನ ಬ್ಯಾಟರಿ ಪೂರ್ತಿ ಮಲಗಿತು. ಹೊಸದನ್ನೇ ತಂದ. ಅದೂ ನಾಲ್ಕೇ ದಿನಕ್ಕೆ ಹಳೆಯದರ ದಾರಿ ಹಿಡಿಯಿತು. ಬ್ಯಾಟರಿ ಅಂಗಡಿಯವನು ಅವನನ್ನು ದೂರದಿಂದ ಕಂಡರೆ ಚಾರ್ಜಿಂಗ್ ವೈರು ಬಿಡಿಸಿಡತೊಡಗಿದ.

ಹೆಡ್‌ಲೈಟಿನ ಮೇಲೆ ಕೈಗಡಿಯಾರದಷ್ಟಗಲದ ಮೀಟರೊಂದಿತ್ತು. ಬ್ಯಾಟರಿಗೆ ಕರೆಂಟು ಸೇರುತ್ತಿದ್ದರೆ ಮುಳ್ಳು ಬಲಕ್ಕೆ, ಬ್ಯಾಟರಿಯಿಂದ ಖರ್ಚಾಗುತ್ತಿದ್ದರೆ ಎಡಕ್ಕೆ. ದಿನವೂ ಅವನು ನಿಷ್ಠೆಯಿಂದ 'ಮುಳ್ಳು ಎಡಕ್ಕೆ' ಎಂದು ಪಟ್ಟಿಯಲ್ಲಿ ಬರೆದ. ಪಕ್ಕದ ಕಾಲಮ್ಮಿನಲ್ಲಿ ಅಷ್ಟೇ ನಿಷ್ಠೆಯಿಂದ 'ಮೀಟರು ಕೆಟ್ಟಿರಬಹುದು' ಎಂದೂ ಬರೆದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಬಾಯಲ್ಲಿ ಅಂದಳು, ಇವನು ಗೋಡೆಯ ಮೇಲೆ ಬರೆದು ಕೆಳಗೆ ತಾರೀಖು ಹಾಕಿದ.

ಇಷ್ಟೆಲ್ಲ ನಡೆದರೂ ಗಾಡಿ ಗೇಟು ದಾಟಿರಲಿಲ್ಲ. ಹೊಲಿಗೆ ಕಲಿಯುವ ಹೆಂಗಸರು "ಇವತ್ತಾದ್ರೂ ಒಂದು ರೌಂಡು ಹೋಗ್ಬರ್ತೀರಾ?" ಎಂದು ಕೇಳಿದರೆ "ಮೊದಲು ಸ್ಲೋ ನಿಲ್ಲಲಿ, ಆಮೇಲೆ" ಎನ್ನುತ್ತಿದ್ದ. ಅತ್ತಿಗೆ ಮಾತ್ರ ಮಿಷನ್ನಿನ ಮೇಲಿಂದ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಬಟ್ಟೆ ತಳ್ಳುತ್ತಿದ್ದರು.

ಕೊನೆಯ ಶನಿವಾರ, ಬೇರೆ ದಾರಿ ಕಾಣದೆ, ಬ್ಯಾಟರಿಗೆ ಕರೆಂಟು ಕೊಡುವ ಡೈನಮೊ ಸುಟ್ಟಿರಬೇಕು ಎಂದುಕೊಂಡು ಮೋಟಾರು ವೈಂಡಿಂಗ್ ಮಾಡುವವರನ್ನು ಕರೆತಂದ. ಕನ್ನಡಕದ ಮುರಿದ ಕಡ್ಡಿಗೆ ತಾಮ್ರದ ತಂತಿ ಸುತ್ತಿಕೊಂಡ ಮುದುಕ. ಅವರು ಗಾಡಿಗಿಂತ ಮೊದಲು ಗೋಡೆಯ ಪಟ್ಟಿ ಓದಿದರು. ಓದುತ್ತ ಓದುತ್ತ ಅವರ ಹೊಟ್ಟೆ ಕುಲುಕತೊಡಗಿತು.

"ಸಾರ್, ದಿನಾ ಹೀಗೆ ನಿಲ್ಲಿಸ್ಕೊಂಡೇ ಓಡಿಸ್ತಿದ್ರಾ?"

"ಹೌದು, ಅರ್ಧ ಗಂಟೆ ಓಡ್ಲಿ ಅಂತ ಬಿಡ್ತಿದ್ದೆ. ಬ್ಯಾಟರಿನೂ ಚಾರ್ಜ್ ಆಗುತ್ತಲ್ಲ."

ಮುದುಕರು ಗಾಡಿ ಎಬ್ಬಿಸಿ ಆಕ್ಸಿಲರೇಟರ್ ತಿರುಗಿಸಿದರು. ಮುಳ್ಳು ನಡುಗಿ, ನಡುಗೆರೆ ದಾಟಿ ಬಲಕ್ಕೆ ವಾಲಿತು. ಕೈ ಬಿಟ್ಟರು, ಮತ್ತೆ ಎಡಕ್ಕೆ ಬಿತ್ತು.

"ಮೀಟರೂ ಚೆನ್ನಾಗಿದೆ, ಡೈನಮೊನೂ ಚೆನ್ನಾಗಿದೆ. ಆ ಕಾಲದ ಗಾಡಿ ಸಾರ್ ಇದು. ಸ್ಲೋದಲ್ಲಿ ಒಂದು ಕಾಸೂ ದುಡಿಯಲ್ಲ, ಬ್ಯಾಟರಿಯಿಂದ ಎತ್ಕೊಂಡು ತಿನ್ನುತ್ತೆ. ಅದ್ರ ಮೇಲೆ ನೀವು ಲೈಟು ಬೇರೆ ಹಾಕಿದೀರಿ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಹಾಗೆ. ಬ್ಯಾಟರಿ ಇಳಿದ್ರೆ ಕಿಡಿ ಸಣ್ಣದಾಗುತ್ತೆ, ಕಿಡಿ ಸಣ್ಣದಾದ್ರೆ ಸ್ಲೋ ನಿಲ್ಲಲ್ಲ. ಪ್ಲಗ್ಗು, ಜೆಟ್ಟು, ಪಾಪ ಅವೇನೂ ಮಾಡಿಲ್ಲ."

"ಹಾಗಾದ್ರೆ ಪರಿಹಾರ?"

"ಓಡ್ಸೋದು," ಎಂದರು ಮುದುಕರು, ಇಷ್ಟು ಸರಳವಾದದ್ದನ್ನು ಹೇಳಬೇಕಾಯಿತಲ್ಲ ಎಂಬ ಸಂಕೋಚದಲ್ಲಿ. "ರಸ್ತೆ ಮೇಲೆ ಹತ್ತು ಕಿಲೋಮೀಟರ್ ಓಡ್ಸಿ. ಎಲ್ಲ ಸರಿಹೋಗುತ್ತೆ."

ಕೈಪಿಡಿ ಬಿದ್ದುಬಿದ್ದು ನಕ್ಕ. ಉಪಚಾರ ಮಾಡುತ್ತೇನೆಂದು ಇಪ್ಪತ್ತು ದಿನ ಕೈಯಾರೆ ಎರಡು ಬ್ಯಾಟರಿಗಳ ರಕ್ತ ಹೀರಿದ್ದ. ಈ ಕಥೆಯನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಆಗಲೇ ಹೊಂದಿಸಿಕೊಳ್ಳುತ್ತಿದ್ದ. ಮುದುಕರು ಹೋದ ಮೇಲೆ ನಗು ಇಳಿಯಿತು. ಪಟ್ಟಿಯಲ್ಲಿ ಇನ್ನು ಕಾರಣಗಳು ಉಳಿದಿರಲಿಲ್ಲ.

ಭಾನುವಾರ ಬೆಳಗ್ಗೆ ಚಾರ್ಜಾದ ಬ್ಯಾಟರಿ ಕೂಡಿಸಿ, ಹೊಸ ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ನಿಂತ. ಅತ್ತಿಗೆ ಗೇಟು ತೆರೆದಿಟ್ಟಿದ್ದರು.

"ಅತ್ತಿಗೆ, ಇನ್ನೊಂದು ವಾರ..." ಎಂದು ಶುರುಮಾಡಿದ. "ಕ್ಲಚ್ ವೈರು ಸ್ವಲ್ಪ ಸಡಿಲ ಇದೆ. ಟೈರಿನ ಗಾಳಿಯೂ ನೋಡ್ಬೇಕು. ಆಮೇಲೆ ಈ ಸ್ಲೋ..."

"ಗಾಡೀಲಿ ಏನೂ ಇಲ್ಲ ಅಂತ ಅವ್ರು ನಿನ್ನೆ ಹೇಳಿ ಹೋದ್ರು. ಕಿಲೋಮೀಟರ್ ಮೀಟರು ಒಂದು ಅಂಕಿನೂ ತಿರುಗಿಲ್ಲ. ನಿನ್ನ ತೊಂದರೆ ಏನು, ಅದನ್ನ ಹೇಳು."

ಕೈಪಿಡಿ ತನ್ನ ಮೇಲೆ ತಾನೇ ಒಂದು ಹಾಸ್ಯ ಹುಡುಕಿದ. ಅಪರೂಪಕ್ಕೆ ಒಂದೂ ಸಿಗಲಿಲ್ಲ.

"ನನಗೆ ಭಯ ಅತ್ತಿಗೆ" ಎಂದ. "ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಅಣ್ಣ ಇದ್ರಲ್ಲೇ ಕಲಿಸ್ತಿದ್ದ. ನಾನು ಮುಂದೆ, ಅವನು ಹಿಂದೆ. ನಾಲ್ಕು ರಸ್ತೆ ಸೇರೋ ಕಡೆ, ಸರೀ ಮಧ್ಯದಲ್ಲಿ, ಗಾಡಿ ಆಫ್ ಆಯ್ತು. ಬಸ್ಸು ಹಾರ್ನ್ ಹೊಡೀತು. ನಾನು ಗಾಡಿ ಬಿಟ್ಟು ಓಡ್ಬಿಟ್ಟೆ. ಹಿಂದೆ ಅಣ್ಣ ಕೂತಿದಾನೆ ಅನ್ನೋದೂ ನೋಡ್ಲಿಲ್ಲ. ಗಾಡಿ ಅವನ ಕಾಲ ಮೇಲೇ ಬಿತ್ತು. ಅವನ ಮೊಣಕಾಲು ಹೋಗಿದ್ದು ಹಾಗೆ. ಮನೇಲಿ ಕೇಳಿದ್ರೆ, ಅವನು 'ನಾನೇ ಓಡಿಸ್ತಿದ್ದೆ' ಅಂದ. ನಾನು ಹೂಂ ಅಂತ ತಲೆ ಆಡಿಸ್ದೆ. ಜೀವನಪೂರ್ತಿ ಅವನು ಮೆಟ್ಟಿಲು ಒಂದೊಂದಾಗಿ ಇಳಿಯೋದನ್ನ ನೋಡ್ಕೊಂಡು ಸುಮ್ಮನಿದ್ದೆ."

ಮೂವತ್ತಮೂರು ವರ್ಷದ ನಾಚಿಕೆ ಅದು; ಅದರ ಮೇಲೆ ಅವನು ಹೊದಿಸದ ನಗೆಮಾತಿರಲಿಲ್ಲ.

"ಗೊತ್ತು," ಎಂದರು ಅತ್ತಿಗೆ. "ಮದುವೆಯಾದ ತಿಂಗಳೇ ನಿಮ್ಮಣ್ಣ ಹೇಳಿದ್ರು."

"ಗೊತ್ತಾ?"

"ಓಡಿಹೋಗಿದ್ದು ನೆನಪಿದೆಯಲ್ಲ ನಿನಗೆ, ವಾಪಸ್ ಬಂದಿದ್ದು ನೆನಪಿಲ್ವಾ? ಫುಟ್‌ಪಾತಿನ ತನಕ ಹೋದವನು ತಿರುಗಿ ಬಂದೆಯಂತೆ. ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತು, ಅಳ್ತಾ ಅಳ್ತಾ ಡ್ರೈವರಿಗೆ ಬಾಯಿಗೆ ಬಂದಹಾಗೆ ಬೈದೆಯಂತೆ. ನೀನು ಓಡಿದ್ದನ್ನ ಅವರು ಒಂದೇ ಮಾತಲ್ಲಿ ಮುಗಿಸೋರು. ಇದನ್ನ ಮಾತ್ರ ಎಷ್ಟು ಸಲ ಹೇಳಿ ನಕ್ಕಿದಾರೋ! ನನ್ನ ತಮ್ಮ ಬಸ್ಸು ನಿಲ್ಲಿಸ್ದ ಕಣೇ, ಅನ್ನೋರು."

ಅವನಿಗೆ ನಿಜವಾಗಿಯೂ ಅದು ನೆನಪಿರಲಿಲ್ಲ. ಓಡಿದ್ದಷ್ಟೇ ನೆನಪಿತ್ತು. ಹೆಲ್ಮೆಟ್ಟು ತಲೆಗೇರಿಸಿ ಮುಖ ಮುಚ್ಚಿಕೊಂಡ.

"ಮೊದಲು ಓಣಿಯಲ್ಲಿ ಸುತ್ತು ಹಾಕು," ಎಂದರು ಅತ್ತಿಗೆ.

ಹಾಕಿದ. ಮೊದಲ ಸುತ್ತಿನಲ್ಲಿ ಎರಡು ಕಾಲೂ ನೆಲಕ್ಕೆ ಉಜ್ಜಿಕೊಂಡೇ ಹೋದ, ಅದನ್ನು ಓಡಿಸುವುದು ಎನ್ನುವುದಕ್ಕಿಂತ ಗಾಡಿಯ ಮೇಲೆ ನಡೆಯುವುದು ಎನ್ನಬಹುದು. ಎರಡನೆಯದರಲ್ಲಿ ಒಂದು ಕಾಲು ಮೇಲೆ ಬಂತು. ಅಷ್ಟರಲ್ಲಿ ಗುಜರಿಯವನು ಬಂದು, ಮೆಟ್ಟಿಲ ಮೇಲೆ ಕೂತು ನೋಡತೊಡಗಿದ. ಅವನ ಮುಖದಲ್ಲಿ ಬಹಳ ಭರವಸೆ ಇತ್ತು. ಐದನೆಯ ಸುತ್ತಿಗೆ ಕೈಪಿಡಿ ಎರಡನೇ ಗೇರು ಹಾಕಿದ್ದನ್ನು ಕಂಡು ಅವನು ನಿಟ್ಟುಸಿರು ಬಿಟ್ಟು ಎದ್ದು ಹೋದ. ಅತ್ತಿಗೆ ಮನೆಗೆ ಬೀಗ ಹಾಕಿ, ತಮ್ಮ ಹೆಲ್ಮೆಟ್ಟು ತೊಟ್ಟು ಬಂದು ಹಿಂದೆ ಕೂತರು.

"ನೀವೂ ಬರ್ತೀರಾ?"

"ನಿನ್ನ ಮನೆ ತನಕ. ಓಡಿಸ್ಕೊಂಡು ಹೋದೆ ಅನ್ನೋದಕ್ಕೆ ಸಾಕ್ಷಿ ಬೇಡ್ವಾ?"

ರಸ್ತೆಗೆ ಬಿದ್ದ ಮೇಲೆ ಮುಳ್ಳು ಬಲಕ್ಕೆ ವಾಲಿ ಅಲ್ಲೇ ನಿಂತಿತು. ಎದುರಿನ ಗಾಳಿಗೆ ಅವನು ಏನೋ ಕೂಗಿದ, ಏನೆಂದು ಅವನಿಗೇ ತಿಳಿಯಲಿಲ್ಲ. ಆರು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಏಳನೆಯದರಲ್ಲಿ ದೊಡ್ಡ ಸಿಗ್ನಲ್ಲು. ಕೆಂಪು ದೀಪ ಬಹಳ ಹೊತ್ತು ಉರಿಯಿತು. ಅವನೇ ಒಳಗೆ ಹೊರಗೆ ತಿರುಗಿಸಿ ಹಾಳುಮಾಡಿದ್ದ ಸ್ಲೋ ಸ್ಕ್ರೂ ತನ್ನ ಗುಣ ತೋರಿಸಿತು. ಹಸಿರು ಬೀಳುವುದಕ್ಕೂ ಎಂಜಿನ್ನು ಆಫ್ ಆಗುವುದಕ್ಕೂ ಸರಿಹೋಯಿತು.

ಹಿಂದೆ ಬಸ್ಸೊಂದು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಕೈಪಿಡಿಯ ಎಡಗಾಲು ಫುಟ್‌ಪಾತಿನ ಕಡೆ ತಾನೇ ಚಾಚಿಕೊಂಡಿತು.

"ಇಳೀಲಾ?" ಎಂದರು ಅತ್ತಿಗೆ ಹಿಂದಿನಿಂದ.

"ಬೇಡ. ಕೂತಿರಿ ಅತ್ತಿಗೆ" ಎಂದ. ದನಿ ಕೀರಲಾಗಿತ್ತು. "ನಾನೂ ಎಲ್ಲಿಗೂ ಹೋಗಲ್ಲ."

ಮೊದಲ ಕಿಕ್ಕಿಗೆ ಏನೂ ಆಗಲಿಲ್ಲ. ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಅತ್ತಿಗೆ ಅರ್ಧ ತಿರುಗಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಇಡೀ ರಸ್ತೆಗೆ ಕೇಳುವಂತೆ ಕೂಗಿದರು: "ಸ್ವಲ್ಪ ತಾಳಪ್ಪ! ನನ್ನ ಮೈದುನ ಓಡಿಸ್ತಿದಾನೆ, ಕಾಣಲ್ವಾ?"

ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಕೈಪಿಡಿಗೆ ಎದುರಿನ ರಸ್ತೆ ಮಂಜುಮಂಜಾಗಿ ಕಂಡಿತು, ಆದರೂ ಗೇರು ಹಾಕಿ ದಾಟಿದ.