ಹಸಿ ಪಡಿ

ಗುಡೇಕೋಟೆಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಎದುರು ಮನೆಯ ಅಂಗಳದಲ್ಲಿ ಕುರಿಯ ತಲೆ ಸುಡುತ್ತಿದ್ದರು. ಕೂದಲು ಸುಟ್ಟ ಕಮಟು ವಾಸನೆ ನನ್ನ ಹಾಲಿನ ಪಾತ್ರೆಯವರೆಗೂ ಬಂತು. ಸುಡುತ್ತಿದ್ದ ಹೆಂಗಸು ತಲೆಯನ್ನು ಅತ್ತಿತ್ತ ಹೊರಳಿಸುತ್ತಲೇ ನನ್ನನ್ನು ನೋಡಿ ನಕ್ಕಳು. ನಾನು ಬಾಗಿಲು ಹಾಕಿಕೊಂಡೆ. ಶಾಲೆಯ ಕೆಲಸ ಸಿಕ್ಕಿತೆಂದು ಮೈಸೂರಿನಲ್ಲಿ ಹೋಳಿಗೆ ಹಂಚಿ ಬಂದವಳಿಗೆ ಹೇಸಿಗೆಯಿಂದ ಅಂದು ತಿಂಡಿಯೇ ಇಳಿಯಲಿಲ್ಲ.

ಮೈಸೂರಿನಲ್ಲಿ ಕೂತು ಇದನ್ನು ಓದುವ ನೀವು ಈಗಾಗಲೇ ಮೂಗು ಮುಚ್ಚಿಕೊಂಡಿರುತ್ತೀರಿ. ಸ್ವಲ್ಪ ತಾಳಿ, ಆ ಮೂಗಿನ ವಿಷಯಕ್ಕೇ ಬರುತ್ತಿದ್ದೇನೆ.

ನನಗೆ ಮನೆ ಬಾಡಿಗೆಗೆ ಕೊಟ್ಟ ಗಂಗಮ್ಮನವರು ಶೈವರು, ಅನುಕೂಲಸ್ಥರು. ನಾನು ಮೊಟ್ಟೆಯನ್ನೂ ಮುಟ್ಟುವವಳಲ್ಲ ಎಂದು ಕೇಳಿ ಕೇಳಿ ಖಾತ್ರಿ ಮಾಡಿಕೊಂಡೇ ಬೀಗದ ಕೈ ಕೊಟ್ಟರು. ಆಮೇಲೂ ನಂಬಿಕೆಯಿಲ್ಲ, ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ವಾಸನೆ ನೋಡುತ್ತಿದ್ದರು. ಅವರದೇ ಕುರಿಹಿಂಡು ಹೊಲದಾಚೆ ಮೇಯುತ್ತಿತ್ತು, ಬಲಿತ ಟಗರುಗಳನ್ನು ಸಂತೆಗೆ ಹೊಡೆಸಿ ಕಟುಕರಿಗೆ ಮಾರುತ್ತಿದ್ದರು. ಮಾರಿದರೆ ಮಡಿ ಕೆಡುವುದಿಲ್ಲವಂತೆ, ತಿಂದರೆ ಮಾತ್ರ ಕೆಡುತ್ತದಂತೆ. ಈ ಜಾತಿಯ ಜಾಣತನ ನಮ್ಮ ಮೈಸೂರಿನಲ್ಲೂ ಬೇಕಾದಷ್ಟಿದೆ, ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡಿರುತ್ತದೆ ಅಷ್ಟೆ.

ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗಲೆಲ್ಲ ನಮ್ಮ ದೊಡ್ಡಮ್ಮ, ಪಾಪ ಅಲ್ಲಿ ಏನು ತಿಂದು ಬದುಕಿದ್ದೀಯೋ ಎಂದು ಅಳುದನಿ ತೆಗೆಯುತ್ತಿದ್ದರು. ಜೋಳದ ರೊಟ್ಟಿ, ಹುಳಿ ಹುಳಿಯಾದ ಪುಂಡಿಸೊಪ್ಪಿನ ಪಲ್ಯ, ಶೇಂಗಾ ಚಟ್ನಿ. ಕುರಿತಲೆ ಸುಡುವವರು ಕೂಡ ದಿನಾ ಉಣ್ಣುವುದು ಇದನ್ನೇ. ಇದನ್ನು ಹೇಳಿದರೆ ದೊಡ್ಡಮ್ಮನಿಗೆ ನಿರಾಸೆ. ಅವರಿಗೆ ಬೇಕಿದ್ದದ್ದು ನನ್ನ ಊಟದ ಸುದ್ದಿಯಲ್ಲ, ನನ್ನ ಗೋಳು.

ರೊಟ್ಟಿ ಬಡಿಯುವುದನ್ನು ಕಲಿಸಿದವಳು ಎದುರು ಮನೆಯ ಅದೇ ಹೆಂಗಸು, ಹುಲಿಗೆಮ್ಮ. ಹೊಸ್ತಿಲಾಚೆ ಕೂತೇ ಕಲಿಸಿದಳು, ಒಳಗೆ ಬರಲಿಲ್ಲ. ತಮ್ಮಲ್ಲಿ ಉಣ್ಣದವರಿಗೆ ಬೇಯಿಸಿದ್ದನ್ನು ಕೊಡದೆ ಹಿಟ್ಟು, ಬೇಳೆ, ಬೆಲ್ಲವನ್ನೇ ಕೊಡುವುದು ಅವರ ರೂಢಿ. ಅದಕ್ಕೆ ಹಸಿ ಪಡಿ ಎನ್ನುತ್ತಾರೆ. ನನಗೆ ಜ್ವರ ಬಂದಾಗ ಗಂಗಮ್ಮನವರು ಇಣುಕಲೂ ಇಲ್ಲ. ಹುಲಿಗೆಮ್ಮ ಜೋಳದ ನುಚ್ಚು ತಂದಳು, ಅದೂ ಹಸಿಯದೇ. ಅವಳು ಹೊರಗೆ ನಿಂತು ಹೇಳಿದಂತೆ ನಾನು ಗೋಡೆ ಹಿಡಿದುಕೊಂಡು ಗಂಜಿ ಕಾಯಿಸಿದೆ. ಅವಳ ಕೈಯ ಬಿಸಿ ಗಂಜಿಗಾಗಿ ನನ್ನ ಜೀವ ಎಷ್ಟು ಬಾಯಿಬಿಡುತ್ತಿತ್ತೆಂದು ಯಾರಿಗೆ ಹೇಳಲಿ? ಒಂದು ದಿನ ಅವಳ ಮನೆಯಲ್ಲಿ ಉಂಡೇ ತೀರಬೇಕೆಂದು ಆಗಲೇ ನಿಶ್ಚಯಿಸಿದೆ.

ಅವಳ ಮೊಮ್ಮಗನ ಜವಳಕ್ಕೆ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯಕ್ಕೆ, ಮರಿ ಕಡಿದಿದ್ದರು. ನಾನು ಹೋಗಿ ಸೀದಾ ಪಂಕ್ತಿಯಲ್ಲಿ ಕೂತೆ. ಬರೀ ರೊಟ್ಟಿ ಚಟ್ನಿ ಸಾಕು ಎಂದೆ. ಸಾಲಿಗೆ ಸಾಲೇ ತುತ್ತು ಕೈಯಲ್ಲಿ ಹಿಡಿದು ನನ್ನತ್ತ ತಿರುಗಿತು. ಹುಲಿಗೆಮ್ಮ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಏಳ್ರಿ ಅಕ್ಕೋರ. ಇಲ್ಲಿ ಉಂಡಿದ್ದು ಗೊತ್ತಾದ್ರ ಗಂಗಮ್ಮಾರು ನಾಳೆನೇ ಮನಿ ಬಿಡಿಸ್ತಾರ. ಆಮ್ಯಾಲ ನಮ್ಮ ಮನ್ಯಾಗ ಬಂದು ಇರ್ತೀರೇನು?"

ಇರುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಆ ಕಮಟು ವಾಸನೆ ನೆನಪಾಗಿತ್ತು. ಅವಳು ನನ್ನ ಮುಖ ನೋಡಿದಳು, ಒಳಗೆ ಹೋಗಿ ಮೊರದಲ್ಲಿ ಪಡಿ ತಂದುಕೊಟ್ಟಳು. ನಾನು ಎದ್ದು ಬಂದೆ. ಗಂಗಮ್ಮನವರನ್ನೂ ದೊಡ್ಡಮ್ಮನನ್ನೂ ಹೀಯಾಳಿಸುವ ನನ್ನ ಮೂಗೂ ಅವರದೇ ಕುಲದ್ದು.

ದಸರಾ ರಜೆಗೆ ಮೈಸೂರಿಗೆ ಹೋದಾಗ ದೊಡ್ಡಮ್ಮ, ಎಲ್ಲೆಲ್ಲಿ ಉಂಡು ಬಂದಿದ್ದಾಳೋ ಎಂದು ಗೊಣಗುತ್ತ ನನಗೆ ನಡುಮನೆಯಲ್ಲಿ ಬೇರೆ ಎಲೆ ಹಾಕಿ ದೂರದಿಂದ ಬಡಿಸಿದರು. ಉಣ್ಣದ ಊಟಕ್ಕೆ ಅಲ್ಲಿ ಶಿಕ್ಷೆ. ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿದೆ. ಗುಡೇಕೋಟೆಯಲ್ಲಿ ಬೀಗ ತೆಗೆಯುತ್ತಿದ್ದಂತೆ ಹುಲಿಗೆಮ್ಮ ನಗುತ್ತ ಎದುರಿಗೆ ಬಂದಳು, ಕೈಯಲ್ಲಿ ಬಟ್ಟಲ ತುಂಬ ಜೋಳದ ಹಿಟ್ಟು. ಹೊಸ್ತಿಲಾಚೆಯೇ ನಿಂತು ಕೊಟ್ಟಳು. ಒಳಗೆ ಹೋಗಿ ಒಬ್ಬಳೇ ರೊಟ್ಟಿ ಬಡಿದೆ.